ಮಾಲ್ವೀನಾ ಮನೆಗೆ ಬಂದಳು

ವಿಯೆನ್ನಾ
೧೪ ಮಾರ್ಚ್ ೨೦೦೧

ನನ್ನ ಮುದ್ದು ಯೂಡಿಟ್,

ನಿನ್ನ ಅಜ್ಜಿ ಮಾಲ್ವೀನಾ ಮನೆಗೆ ಬಂದಿದ್ದಾಳೆ. ಅಡುಗೆಮನೆಯ ಗೋಡೆಯ ಮೇಲೆ ಕುಳಿತು, ನಾನು ಕಾಫಿಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತೇನೆಂದು ನೋಡುತ್ತಿದ್ದಾಳೆ.

"ಅಮ್ಮಾ, ಸಾಕು ಮಾಡು. ಅವರು ಹೇಳಿದ್ದಕ್ಕೆ ಒಪ್ಕೊಂಡುಬಿಡು" ಎಂದು ಫೋನಿನಲ್ಲಿ ಬೇಡಿಕೊಂಡಿದ್ದೆಯಲ್ಲ, ನಾನು ಒಪ್ಪಲಿಲ್ಲ. ಮ್ಯೂಸಿಯಂನವರು ಅವಳ ಚಿತ್ರದ ಕೆಳಗಿದ್ದ 'ಅಪರಿಚಿತ ಮಹಿಳೆ' ಎಂಬ ಚೀಟಿ ಕಿತ್ತು, ಅವಳ ಹೆಸರಿನ ಹಿತ್ತಾಳೆ ಫಲಕ ಹಾಕಿಸುತ್ತೇವೆ ಎಂದಿದ್ದರು. ಚಿತ್ರ ಮಾತ್ರ ಅಲ್ಲೇ ಇರಬೇಕಂತೆ.

"ನಮ್ಮೂರಿನ ಜನಕ್ಕೆ ಇವರನ್ನ ಕಂಡ್ರೆ ಬಹಳ ಪ್ರೀತಿ, ಅಮ್ಮಾವ್ರೇ" ಎಂದ ಅಲ್ಲಿನ ನಿರ್ದೇಶಕ.

"ಅವಳು ಬದುಕಿದ್ದಾಗ ಆ ಪ್ರೀತಿ ಎಲ್ಲಿಗೆ ಹೋಗಿತ್ತು?" ಎಂದೆ.

ಆಗ ಪುರಾವೆ ಕೇಳಿದ. ೧೯೩೮ರಲ್ಲಿ ತೋಳಿಗೆ ನಾಜಿ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಗೆ ನುಗ್ಗಿದವರು ಚಿತ್ರ ಹೊತ್ತೊಯ್ಯುವಾಗ ರಸೀದಿ ಕೊಟ್ಟಿರಲಿಲ್ಲ. ಆದರೆ ನನಗೆ ನಮ್ಮ ನಾಯಿ ನೆನಪಿತ್ತು. ಚಿತ್ರಕಾರ ಅದನ್ನೂ ಅಮ್ಮನ ಕಾಲ ಬಳಿ ಬರೆದಿದ್ದ. "ನಾನಿರಬೇಕು, ಇಲ್ಲಾ ಅದಿರಬೇಕು" ಎಂದು ಅಮ್ಮ ಹಟ ಹಿಡಿದು ಅದರ ಮೇಲೆ ಬಣ್ಣ ಬಳಿಸಿದ್ದಳು. ನಾನು ಅತ್ತು ರಂಪ ಮಾಡಿದ್ದೆ.

"ಕುರ್ಚಿಯ ಎಡಗಡೆ ಎಕ್ಸ್-ರೇ ತೆಗೆಸಿ ನೋಡಿ. ಒಂದು ಕಿವಿ ಮಡಿಚಿಕೊಂಡ ನಾಯಿ ಇದೆ" ಎಂದೆ.

ನಕ್ಕರು. ಇವತ್ತು, ನಾಳೆ ಎನ್ನುತ್ತ ಚಳಿಗಾಲವನ್ನೇ ಕಳೆದರು. ನಾನು ವಾರವಾರವೂ ರೈಲು ಹತ್ತಿ ಹೋಗಿ ಚಿತ್ರದ ಮುಂದೆ ಕುಳಿತೆ. ನೋಡಲು ಬಂದವರಿಗೆಲ್ಲ, ಇವಳು ನನ್ನ ಅಮ್ಮ, ಇವರು ಬಿಟ್ಟುಕೊಡುತ್ತಿಲ್ಲ ಎಂದು ಪರಿಚಯ ಮಾಡಿಕೊಟ್ಟೆ. ಜನ ಗುಂಪುಗೂಡತೊಡಗಿದ ಮೇಲೆ ಎಕ್ಸ್-ರೇ ತೆಗೆಸಿದರು. ನಾಯಿ ಅಲ್ಲೇ ಇತ್ತು, ಕಿವಿ ಮಡಿಚಿಕೊಂಡು. ನಿರ್ದೇಶಕ ನನ್ನ ಮುಖ ನೋಡದೆ ಹೊರಗೆ ಹೋದ. ಆಮೇಲೆ ಮ್ಯೂಸಿಯಂನ ಸಮಿತಿ ಸೇರಿ ಚಿತ್ರ ಕೊಟ್ಟಿತು.

ನನ್ನನ್ನು ಬೇರೆ ಯಹೂದಿ ಮಕ್ಕಳ ಜೊತೆ ಇಂಗ್ಲೆಂಡಿನ ರೈಲು ಹತ್ತಿಸುವಾಗ ಅಮ್ಮ ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಅವಳಿಲ್ಲ. ಒಂದು ಫೋಟೋವೂ ಉಳಿದಿರಲಿಲ್ಲ. ನಿನ್ನೆ ಅವಳ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು ನೋಡಿದೆ; ಹಿಂದೆ ಸರಿ ಎನ್ನಲು ಕಾವಲುಗಾರನಿರಲಿಲ್ಲ. ಗಲ್ಲ ನಿನ್ನದೇ, ಯೂಡಿಟ್.

ಇನ್ನು ಜಗಳ ಸಾಕು. ನೀನು ಹೇಳಿದಂತೆ ಆರಾಮವಾಗಿರುತ್ತೇನೆ.

ಬೇಗ ಬಂದು ಇವಳನ್ನು ನೋಡು.
ನಿನ್ನ ಅಮ್ಮ,
ಗೆರ್ಟಿ

ಮರೆತ ಮಾತು: ಮುಂದಿನ ವಾರ ಫೋನ್ ಎತ್ತದಿದ್ದರೆ ಗಾಬರಿಯಾಗಬೇಡ. ಅದೇ ಮ್ಯೂಸಿಯಂನಲ್ಲಿ ಆಗ ನಮ್ಮ ಮೇಲಿನ ಮಹಡಿಯಲ್ಲಿದ್ದ ಪೌಲಿ ಟೌಸಿಗ್‌ನ ಚಿತ್ರವೂ ಇದೆ. ನನ್ನ ಜಡೆ ಎಳೆಯುತ್ತಿದ್ದ ಪೋಕರಿ, ಅವನೂ ಉಳಿಯಲಿಲ್ಲ. ಅವನ ಅಕ್ಕ ಕಡಲಾಚೆಯ ಮಾಂಟೆವಿಡಿಯೊದಲ್ಲಿದ್ದಾಳೆ, ಹಾಸಿಗೆ ಹಿಡಿದಿದ್ದಾಳೆ. ಅವಳ ಬದಲು ನಾನು ಮ್ಯೂಸಿಯಂಗೆ ಹೋಗಿ ಕೂರುತ್ತೇನೆಂದು ಅವಳಿಗೆ ಆಗಲೇ ಮಾತು ಕೊಟ್ಟಾಗಿದೆ.