ಹೆಚ್ಚಿನ ಒಂದು ಹಕಾರ

ಬಾಬೊ, ನನ್ನಪ್ಪಾ,

ಕಾಫಿಗೆ ಸರ್ಬಿಯಾದ ನೋವಿ ಪಜಾರ್ ಊರಿನ ನಾವು ಬೋಸ್ನಿಯಾಕ್ ಮುಸ್ಲಿಮರು ಕಹ್ವಾ ಅನ್ನುತ್ತೇವೆ, ಸರ್ಬರು ಕಾಫಾ ಅನ್ನುತ್ತಾರೆ. ಜೀನ್ಸ್ ಮಾರಲು ಬೆಲ್‌ಗ್ರೇಡಿಗೆ ಹೋದಾಗಲೆಲ್ಲ ನಾವು ಯಾರೆಂದು ಗೊತ್ತಾಗದಿರಲೆಂದು ನೀವು ಆ ಹಕಾರವನ್ನು ನುಂಗಿಬಿಡುತ್ತಿದ್ದಿರಿ. ಒಮ್ಮೆ ಅಲ್ಲಿನ ಹೋಟೆಲಿನಲ್ಲಿ ನಾನು ಕಹ್ವಾ ಎಂದಾಗ ಮೇಜಿನಡಿ ನನ್ನ ಕೈ ಅದುಮಿದ್ದಿರಿ.

ನಿನ್ನೆ ಅದೇ ದಾರಿಯಲ್ಲಿ, ಸರ್ಕಾರದ ವಿರುದ್ಧ ಪ್ರತಿಭಟಿಸಲು ರಾಜಧಾನಿಗೆ ಹೊರಟ ವಿದ್ಯಾರ್ಥಿಗಳ ಜೊತೆ ನಡೆಯುತ್ತಿದ್ದೆ. ಒಂದು ಸರ್ಬ್ ಹಳ್ಳಿಯಲ್ಲಿ ರಾದೊಯ್ಕಾ ಎಂಬ ಅಜ್ಜಿ ಕಾಫಿ ಲೋಟಗಳ ತಟ್ಟೆ ಹಿಡಿದು ರಸ್ತೆಗೇ ಬಂದರು. ನನ್ನ ತಲೆವಸ್ತ್ರ ನೋಡಿ, "ಪಜಾರಿನವಳೇನೇ? ಬಾ ಮಗಳೇ, ಕಹ್ವಾ ಕುಡಿ," ಎಂದರು. ಕಷ್ಟಪಟ್ಟು ಕಲಿತಿಟ್ಟುಕೊಂಡ ಹಾಗಿತ್ತು ಆ ಹಕಾರ. ಆಮೇಲೆ, "ಮಾಹ್ಲೊ ಸಕ್ಕರೆ ಹಾಕ್ಲಾ?" ಎಂದರು. ಸ್ವಲ್ಪ ಅನ್ನುವುದಕ್ಕೆ ಅವರೂ ನಾವೂ ಮಾಲೊ ಅಂತಲೇ ಅನ್ನುವುದು. ಗೆಳತಿ ಎಲ್ಮಾಸಾ ಕಿಸಕ್ಕನೆ ನಕ್ಕಳು.

"ಯಾಕೆ ನಗ್ತೀಯೇ? ನಿಮ್ಮೋರು ಎಲ್ಲಾದಕ್ಕೂ 'ಹ' ಹಾಕ್ತಾರಲ್ವಾ?"

"ಹಾಕ್ತೀವಿ ಅಜ್ಜಿ. ಮಾಹ್ಲೊ ಯಾಕೆ, ಜಾಸ್ತೀನೇ ಹಾಕಿ," ಎಂದೆ.

ನಮ್ಮ ಬಗ್ಗೆ ಸರ್ಬಿಯಾ, ಬೋಸ್ನಿಯಾ ಎರಡೂ ದೇಶಗಳ ಮಂತ್ರಿಗಳು ಮಾತಾಡಿಕೊಳ್ಳುವುದನ್ನೇ ವರ್ಷಗಟ್ಟಲೆ ತೋರಿಸಿದ ಬೋಸ್ನಿಯಾದ ಸರಾಯೆವೊ ಟೀವಿ, ನಿನ್ನೆ ಸಂಜೆಯ ಸುದ್ದಿಯಲ್ಲಿ ಎಲ್ಲಕ್ಕಿಂತ ಮೊದಲು ಈ ಅಜ್ಜಿಯನ್ನು ತೋರಿಸಿತು. ನಮ್ಮ ಸರ್ಕಾರದ ಜೊತೆ ಮಾತುಕತೆಗೆ ಬರಲಿದ್ದ ಬೋಸ್ನಿಯಾದ ಮಂತ್ರಿ, ಮೊದಲು ವಿದ್ಯಾರ್ಥಿಗಳನ್ನು ಕಾಣುತ್ತೇನೆ ಅಂದರಂತೆ.

ನೀವು ಬದುಕಿದ್ದಿದ್ದರೆ ಇದನ್ನು ನಂಬುತ್ತಿರಲಿಲ್ಲ. ಲೋಟ ಹಿಂದಿರುಗಿಸುವಾಗ ಅಜ್ಜಿಯ ಕೈ ಹಿಡಿದುಕೊಂಡೆ, ಮಾತು ತಿದ್ದಲು ಮನಸ್ಸಾಗಲಿಲ್ಲ. ಆ ಹೆಚ್ಚಿನ ಒಂದು 'ಹ' ನಿಮಗೆ ಸಲ್ಲಬೇಕಾದದ್ದು.