ಕಣಗಿಲೆಯ ವಿಚಾರಣೆ

ಸುಗಟೂರು
14 ಆಗಸ್ಟ್ 1941

ಬೈರಕೂರು ಸೀಮೆಯ ಅಡುಗೆಮನೆ ಸಾಮ್ರಾಜ್ಞಿ, ರಾಗಿಮುದ್ದೆ ಮರ್ದಿನಿ, ಮಹಾಮಹಿಮಳಾದ ಅನಸೂಯಕ್ಕನ ಪಾದಗಳಿಗೆ ಸುಗಟೂರು ಹಿತ್ತಲ ಆಸ್ಥಾನದಿಂದ ತಮ್ಮನ ಅಡ್ಡಬಿದ್ದ ನಮಸ್ಕಾರ.

ನಿನ್ನ ಕೆಮ್ಮು ಹೋಯಿತೇ? ಭಾವ ಈಗಲೂ ಊಟಕ್ಕೆ ಕೂತರೆ ಮೌನವ್ರತವೇ? ಇಲ್ಲಿ ಎಲ್ಲರೂ ಸೌಖ್ಯ. ಅಜ್ಜಿಯ ಮಂಡಿಗೆ ಮಾತ್ರ ಆ ಸುದ್ದಿ ತಲುಪಿಲ್ಲ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದವನು ನಾನೇ. ‘ನಾನು ನೆಟ್ಟ ಕಣಗಿಲೆಯನ್ನು ಜಗಿದೇ ನನ್ನ ಬೆಕ್ಕು ಸತ್ತಿತು. ಆ ಹಿತ್ತಲನ್ನು ಹೇಗೆ ನೋಡಲಿ? ಗೌರಿ ಹಬ್ಬಕ್ಕೆ ಬರಲಾರೆ’ ಎಂದು ಬರೆದಿದ್ದೀಯ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಆದಕಾರಣ ಹಿತ್ತಲಿನ ಸಮಸ್ತ ಗಿಡಗಳನ್ನೂ ವಿಚಾರಣೆಗೆ ಕರೆಯಲಾಯಿತು. ದಾಸವಾಳದ ಮೊಗ್ಗನ್ನು ನಿನ್ನ ಕೆಂಚಿ ಎಷ್ಟೋ ಸಲ ಚೆಂಡಾಡಿ, ಕಡಿದು, ಸುಖವಾಗಿದ್ದಳು, ಬಿಡುಗಡೆ. ಮಲ್ಲಿಗೆ ಬಳ್ಳಿಯಡಿ ಎರಡು ಸಲ ಮರಿ ಹಾಕಿದ್ದಳು; ಅದಕ್ಕೂ ಬಿಡುಗಡೆ. ಕಣಗಿಲೆಯ ಸರದಿ ಬಂದಾಗ ನ್ಯಾಯಾಧೀಶರಾದ ಅಜ್ಜಿ, ದನಗಳಿಗೆ ಮದ್ದು ಅರೆಯುವ ಆವಲಪ್ಪನನ್ನು ಸಾಕ್ಷಿಗೆ ಕೂಗಿಸಿದರು. ‘ಎತ್ತೇ ಉಳಿಯಲ್ಲ ಕಣವ್ವಾ, ಬೆಕ್ಕು ಎಷ್ಟರದು’ ಅಂದ. ‘ಕಿತ್ತಾಕ್ಲಾ ಅದನ್ನ’ ಎಂದು ಅಜ್ಜಿ ನನ್ನ ಕೈಗೆ ಗುದ್ದಲಿ ಕೊಟ್ಟರು.

ಕೀಳಲು ಆಗಲಿಲ್ಲ ಅಕ್ಕ. ಮೇಕೆ ಮುಟ್ಟುವುದಿಲ್ಲವೆಂದು ನೀನು ಬೇಲಿಗೆ ನೆಟ್ಟ ಗಿಡ. ಮೂರು ವರ್ಷ ಕೆಂಚಿ ಅದರ ನೆರಳಲ್ಲೇ ಮಲಗಿದ್ದಳು, ಒಂದು ಎಲೆಯನ್ನೂ ಮೂಸಿದವಳಲ್ಲ. ಈಗ ರೇಷ್ಮೆಹುಳುವಿನ ತಟ್ಟೆಗಳಿಗೆ ಇಲಿ ಹತ್ತುತ್ತಿವೆ. ಸದ್ದಾದಾಗ ಅಪ್ಪ ‘ಕೆಂಚೀ’ ಎಂದು ಕೂಗಿ, ಆಮೇಲೆ ತಾವೇ ಕೋಲು ಹಿಡಿದು ಏಳುತ್ತಾರೆ. ಆಷಾಢ ಮುಗಿಸಿ ನೀನು ಹೊರಟ ಮೇಲೆ ಎಂಟು ದಿನ ಅವಳು ಹೊಸಿಲಲ್ಲೇ ಕೂತು ನೀನು ಹೋದ ದಾರಿ ನೋಡಿದಳು. ನಾನು ಅಣಕಿಸಿದೆ. ನಾನೂ ಅದೇ ದಾರಿ ನೋಡುತ್ತಿದ್ದೆ ಎಂಬುದು ಯಾರಿಗೂ ತಿಳಿಯಬಾರದಿತ್ತು.

ಭಾವನಿಗೆ ನಮಸ್ಕಾರ, ನಿಮ್ಮ ಎಮ್ಮೆಗೆ ಆಶೀರ್ವಾದ. ಹಬ್ಬಕ್ಕೆ ಬಾ.

ನಿನ್ನ ತಮ್ಮ,
ಮುನಿಶಾಮಿ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ: ಒಂಬತ್ತನೆಯ ದಿನ, ಕೆಂಚಿಯ ದುಃಖ ಮರೆಸಲೆಂದು, ನಿನಗೆ ಮಾಡಿದ ಹಾಗೇ ಅವಳಿಗೂ ಮದುವೆ ಮಾಡಿದೆ. ಮಲ್ಲಿಗೆ ಮುಟ್ಟಿದರೆ ಅಜ್ಜಿ ಬೈಯುತ್ತಾರೆಂದು ಕಣಗಿಲೆಯ ಹಾರ ಕಟ್ಟಿ, ಬೀಳದ ಹಾಗೆ ಬಾಳೆನಾರಿನಲ್ಲಿ ಕೊರಳಿಗೆ ಬಿಗಿದೆ. ದಿಬ್ಬಣಕ್ಕೆ ಹುಡುಗರನ್ನು ಕೂಗಿಕೊಂಡು ಬರುವಷ್ಟರಲ್ಲಿ, ಬಿಡಿಸಿಕೊಳ್ಳಲು ಕಚ್ಚಿ ಕಚ್ಚಿ ಅರ್ಧ ಹಾರ ಜಗಿದಿದ್ದಳು. ಉಳಿದರ್ಧ ನನ್ನ ಪೆಟ್ಟಿಗೆಯಲ್ಲಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನೀನು ಬಂದರೆ, ನಿನ್ನ ಹಿಂದೆ ನಿಂತುಕೊಂಡು ಹೇಳುತ್ತೇನೆ.