ಹದಿನಾರನೆಯ ಪಾಠದೋಲೆ

ಫೆಬ್ರವರಿ ೩೧, ೨೧೯೪
ಕಪ್ಪತಗುಡ್ಡದ ತಪ್ಪಲು

ನೂರು ವರ್ಷಗಳ ನಂತರ ಈ ಪೆಟ್ಟಿಗೆ ತೆರೆಯುವವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತೊಂದು ದಿನ. ನಿಮ್ಮ ಕಾಲಕ್ಕೆ ಅದನ್ನು ಮತ್ತೆ ತಿದ್ದಿರಬಹುದು. ನನ್ನ ಮಾತುಗಳೂ ಬಳಕೆ ತಪ್ಪಿರಬಹುದು. ಅರ್ಥವಾಗದ ಕಡೆ ಕ್ಷಮಿಸಿ. ಅರ್ಥವಾದ ಕಡೆ ಕ್ಷಮಿಸಬೇಕೆಂದು ನಾನು ಕೇಳುವುದಿಲ್ಲ.

ಶಾಲೆಗೆ ನೂರು ತುಂಬಿತೆಂದು ಶಿಕ್ಷಕರೆಲ್ಲ ಒಂದೊಂದು ಪತ್ರ ಬರೆದು ಕಬ್ಬಿಣದ ಪೆಟ್ಟಿಗೆಗೆ ಹಾಕಬೇಕಾಗಿದೆ. ವಿದ್ಯೆಯ ಮಹತ್ವದ ಬಗ್ಗೆ ಬರೆಯಿರಿ ಎಂದಿದ್ದಾರೆ ಮುಖ್ಯಗುರುಗಳು. ಆ ಮಹತ್ವ ನನಗೆ ಗೊತ್ತಿರುವುದು, ವಿದ್ಯೆ ಇನ್ನೊಬ್ಬರಿಗೆ ಸಿಗದಂತೆ ಮಾಡಿದವಳಾಗಿ.

ನಮ್ಮಲ್ಲಿ ಹದಿನೆಂಟು ತುಂಬಿದವರು ಗಡಿಯಲ್ಲಿ ಏಳು ವರ್ಷ ನಿಲ್ಲಬೇಕು. ಓದಲು ಬಯಸುವವರು ಇಬ್ಬಿಬ್ಬರಾಗಿ ಚೀಟಿ ಎತ್ತುತ್ತಾರೆ. ಒಬ್ಬರಿಗೆ ಪುಸ್ತಕ, ಇನ್ನೊಬ್ಬರಿಗೆ ಕಾವಲು. ಕಾವಲು ಬಂದವರು ಇಬ್ಬರ ಪರವಾಗಿಯೂ ನಿಲ್ಲುತ್ತಾರೆ. ಅವರನ್ನು ಓದುವವರ ‘ಕಾವಲುಬಂಧು’ ಎನ್ನುತ್ತೇವೆ. ಓದುವವರನ್ನು ದಂಡು ಸಾಕುತ್ತದೆ. ನಾನು ಏಳು ವರ್ಷ ಉಂಡ ಸಜ್ಜೆರೊಟ್ಟಿ, ಹೊದ್ದ ಬೂದು ಕಂಬಳಿ, ತೊಟ್ಟ ಬೂಟು, ಎಲ್ಲವೂ ದಂಡಿನ ಉಗ್ರಾಣದಿಂದ ಬಂದವು. ಅದಕ್ಕೆ ಪ್ರತಿಯಾಗಿ ಮಾಡಬೇಕಾದದ್ದು ಒಂದೇ ಕೆಲಸ. ತಿಂಗಳಿಗೊಂದು ಪಾಠವನ್ನು, ಎದುರಿಗೆ ಕೂತವರಿಗೆ ಹೇಳುವಷ್ಟು ಬಿಡಿಸಿ, ಕೈಯಾರೆ ಬರೆದು ಕಾವಲುಬಂಧುವಿಗೆ ಕಳಿಸಬೇಕು. ಅದೇ ಪಾಠದೋಲೆ. ಗಡಿಯ ಬೆಟ್ಟಗಳಲ್ಲಿ ಯಾವ ಯಂತ್ರವೂ ಮಾತಾಡುವಂತಿಲ್ಲ; ಹೇಸರಗತ್ತೆಯ ಬೆನ್ನ ಮೇಲೆ ಹೋಗುವ ಕಾಗದವೊಂದೇ ದಾರಿ. ಏಳು ವರ್ಷಕ್ಕೆ ಎಂಬತ್ತನಾಲ್ಕು ಓಲೆ. ಅವನ್ನಷ್ಟೇ ಓದಿಕೊಂಡು ಕಾವಲುಬಂಧು ಒಂದು ಸಲ ಪರೀಕ್ಷೆಗೆ ಕೂರಬಹುದು. ಪಾಸಾದರೆ ಶಿಕ್ಷಕ. ಇಲ್ಲದಿದ್ದರೆ ಇನ್ನೂ ಏಳು ವರ್ಷ ಬೆಟ್ಟ, ಅದಕ್ಕೆ ಮರುಕಾವಲು ಎಂದು ಹೆಸರು.

ನನ್ನ ಕಾವಲುಬಂಧು ಈರಭದ್ರ ಕಮ್ಮಾರ. ಚೀಟಿ ಎತ್ತಿದ ದಿನ ಇದೇ ಅಂಗಳದಲ್ಲಿ ಅವನನ್ನು ಮೊದಲು ಕಂಡೆ. ಮಾಸ್ತರನಾಗಬೇಕೆಂದು ಬಂದವನು. ತನ್ನ ಚೀಟಿ ಬಿಡಿಸಿ ನೋಡಿ, ಮಡಿಸಿ ಜೇಬಿಗಿಟ್ಟು ನಕ್ಕ.

‘ಅಕ್ಷರ ಸ್ವಲ್ಪ ದುಂಡಗ ಬರಿ ತಂಗೀ. ಅಲ್ಲಿ ನಿನ್ನ ಬಿಟ್ರ ನನಗ ಬ್ಯಾರೆ ಮಾಸ್ತರ ಇಲ್ಲ.’

ದುಂಡಗೇ ಬರೆದೆ. ಹದಿನಾರನೆಯ ಪಾಠ ನೆರಳಿನಿಂದ ಎತ್ತರ ಅಳೆಯುವುದು. ಒಂದು ಕೋಲು, ಕೋಲಿನ ನೆರಳು, ಮರದ ನೆರಳು. ಇಷ್ಟಿದ್ದರೆ ಮರ ಹತ್ತದೆಯೇ ಅದರ ಎತ್ತರ ಹೇಳಬಹುದು. ಅದು ನನಗೆ ಎಷ್ಟು ಸುಲಭವೆನಿಸಿತೆಂದರೆ ಬರೆಯಲು ಬೇಸರವಾಯಿತು. ಆ ವಾರ ತುಂಗಭದ್ರೆಗೆ ನೀರು ಬಿಟ್ಟಿದ್ದರು. ಎರಡು ವರ್ಷಕ್ಕೊಮ್ಮೆ ಹರಿಯುವ ಹೊಳೆಯನ್ನು ನೋಡಲು ಹಾಸ್ಟೆಲಿನ ಹುಡುಗಿಯರೆಲ್ಲ ಹೋದೆವು, ಮೊಣಕಾಲುದ್ದ ನೀರಿನಲ್ಲಿ ಸಂಜೆಯವರೆಗೆ ನಿಂತೆವು. ಹಿಂದಿರುಗುವಷ್ಟರಲ್ಲಿ ಟಪಾಲಿನ ಹೇಸರಗತ್ತೆಗಳು ಹೊರಟುಹೋಗಿದ್ದವು. ಮುಂದಿನ ತಿಂಗಳು ಎರಡನ್ನೂ ಕಳಿಸಿದರಾಯಿತೆಂದು ಮೊದಲು ಹದಿನೇಳನ್ನು ಬರೆದೆ, ಮೇಲೆ ಹದಿನೇಳೆಂದೇ ಅಂಕಿ ಹಾಕಿದೆ. ಹದಿನಾರನ್ನು ಬರೆಯಲೇ ಇಲ್ಲ.

ಪರೀಕ್ಷೆಯ ಕೊನೆಯ ಪ್ರಶ್ನೆ ಆ ಪಾಠದ್ದಾಗಿತ್ತು. ಈರಭದ್ರ ನಾಲ್ಕು ಅಂಕಗಳಿಂದ ಫೇಲಾದ. ಫಲಿತಾಂಶ ಬಂದ ದಿನ ನನ್ನನ್ನು ಹುಡುಕಿಕೊಂಡು ಬಂದ. ಬೂಟಿನ ಲಾಡಿಯಿಂದ ಕಟ್ಟಿದ ಓಲೆಗಳ ಕಂತೆ ಕೈಯಲ್ಲಿತ್ತು. ಅವನಿಗೆ ಗೊತ್ತಾಗಿದೆ ಎಂದುಕೊಂಡೆ.

‘ಹದಿನಾರನೇದು ಎಲ್ಲೋ ಕಳಕೊಂಡೀನಿ ತಂಗೀ,’ ಎಂದ. ‘ನೀ ಅಷ್ಟು ಕಷ್ಟಪಟ್ಟು ಬರದಿದ್ದಿ. ಸಿಟ್ಟಾಗಬ್ಯಾಡ.’

‘ಇರಲಿ ಬಿಡಣ್ಣಾ,’ ಎಂದೆ.

ನಾನು ಅವನನ್ನು ಕ್ಷಮಿಸಿದೆ. ಅವನ ಮುಖ ಹಗುರಾದದ್ದನ್ನು ನೋಡಿದೆ. ಮರುದಿನ ಅವನು ಮರುಕಾವಲಿಗೆ ಹೊರಟ.

ಎಡಗೈಯ ಎರಡು ಬೆರಳನ್ನು ಅಲ್ಲಿಯ ಚಳಿಗೆ ಕೊಟ್ಟು ಹಿಂದಿರುಗಿದವನಿಗೆ ಈ ಶಾಲೆಯಲ್ಲೇ ಗೇಟು ಕಾಯುವ ಕೆಲಸ ಸಿಕ್ಕಿತು. ನಾನು ಒಳಗೆ ಕಲಿಸುತ್ತೇನೆ. ಅವನು ಆಟದ ಬಿಡುವಿನಲ್ಲಿ ಗೇಟಿನ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ನಾನು ಬರೆದದ್ದನ್ನು ನನಗಿಂತ ಚೆನ್ನಾಗಿ ಹೇಳಿಕೊಡುತ್ತಾನೆ. ಮಕ್ಕಳು ಅವನನ್ನು ‘ಎಂಬತ್ಮೂರು ಮಾಸ್ತರ’ ಎಂದು ಕಾಡಿಸುತ್ತಾರೆ. ಆ ಹೆಸರು ಅವನೇ ಹೇಳಿಕೊಟ್ಟದ್ದು. ನನ್ನನ್ನೀಗ ತಂಗಿ ಎನ್ನುವುದಿಲ್ಲ, ಮಕ್ಕಳಂತೆ ಅಕ್ಕೋರು ಎನ್ನುತ್ತಾನೆ.

ಇವತ್ತು ಬೆಳಿಗ್ಗೆ ಐದನೆಯ ತರಗತಿಯ ಹುಡುಗಿಯೊಬ್ಬಳು ಧ್ವಜಸ್ತಂಭ ಎಷ್ಟು ಎತ್ತರವಿದೆಯೆಂದು ಅವನನ್ನು ಕೇಳಿದಳು. ನಾನು ವರಾಂಡದಲ್ಲಿದ್ದೆ.

‘ಆ ಪಾಠ ಒಂದು ನನ್ನ ಹತ್ರ ಇಲ್ಲವ್ವಾ. ಅಕ್ಕೋರನ್ನ ಕೇಳು. ಪಾಪ, ಅವರು ಬರದು ಕಳಿಸಿದ್ರು, ನಾನೇ ಕಳದೆ.’

ಮಧ್ಯಾಹ್ನ ಕೂತು ಹದಿನಾರನೆಯ ಓಲೆ ಬರೆದೆ. ಹಾಳೆಯ ಎರಡು ಬದಿಯೂ ತುಂಬಲಿಲ್ಲ, ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಅಕ್ಷರ ದುಂಡಗಿದೆ. ಅದನ್ನು ಈ ಪತ್ರದ ಜೊತೆ ಪೆಟ್ಟಿಗೆಗೆ ಹಾಕುವುದೆಂದು ಮೊದಲು ಅಂದುಕೊಂಡಿದ್ದೆ. ನೂರು ವರ್ಷ ದೂರದ ನಿಮ್ಮೆದುರು ತಪ್ಪೊಪ್ಪಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ, ನೋಡಿ. ಗೇಟು ನಲವತ್ತು ಹೆಜ್ಜೆ ದೂರದಲ್ಲಿದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಪೆಟ್ಟಿಗೆಯ ತಳದವರೆಗೆ ಹುಡುಕಿ. ಮೇಲೆ ಹದಿನಾರು ಎಂದು ಬರೆದ ಹಾಳೆ ಸಿಕ್ಕರೆ, ನಾನು ಗೇಟಿನವರೆಗೆ ಹೋಗಲಿಲ್ಲ ಎಂದು ತಿಳಿಯಿರಿ.

ಅನಸೂಯಾ ಹಡಗಲಿ
ಗಣಿತ ಶಿಕ್ಷಕಿ